ಸಂಕ್ರಾಂತಿ ಆಗಲಿ

ಗಾಲ್ವೇ
೨೪ ನವೆಂಬರ್ ೨೦೨೪

ಅಣ್ಣಾ,

ಫೋನಿನಲ್ಲಿ ನಾನು ಹೇಳುವುದರಲ್ಲಿ ಅರ್ಧ ನಿನ್ನ ಕಿವಿಗೆ ಬೀಳುವುದಿಲ್ಲ. ಉಳಿದರ್ಧವನ್ನು ನಾಗಮಣಿ ಅತ್ತಿಗೆ ಪಕ್ಕದಲ್ಲಿ ನಿಂತು ಕೂಗಿ ಹೇಳಬೇಕು. ಅದಕ್ಕೇ ಕಾಗದದ ಮೇಲೆ ಬರೆದು, ಫೋಟೊ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸುತ್ತಿದ್ದೇನೆ. ನೀನೂ ಹಾಗೆಯೇ ಉತ್ತರ ಬರೆ. ಈ ವಿಷಯ ಕೂಗಿ ಹೇಳುವಂಥದ್ದಲ್ಲ.

ಸಚಿನ್‌ನ ಕಾಂಟ್ರ್ಯಾಕ್ಟ್ ಬರುವ ಜೂನ್‌ಗೆ ಮುಗಿಯುತ್ತದೆ. ಅವರಪ್ಪ ಸಂಪತ್ ಆ ಹೆಸರಿಟ್ಟದ್ದು ಬೇರೆ ಆಟದ ಆಸೆಯಿಂದ, ಮಗ ಹಿಡಿದದ್ದು ರಗ್ಬಿ, ಅದು ಹಳೆಯ ಕಥೆ. ಈಗ ಅವನು ಇಲ್ಲಿನ ಕ್ಲಬ್ಬಿನಲ್ಲಿ ಹತ್ತನೇ ನಂಬರಿನವನು. ಆಟ ಯಾವ ಕಡೆ ಹೋಗಬೇಕೆಂದು ಹೇಳುವವನೂ ಅವನೇ, ಕಂಬದ ನಡುವೆ ಚೆಂಡು ಒದೆಯುವವನೂ ಅವನೇ. ಸಂಪತ್ ಕಂಪ್ಯೂಟರಿನ ಮುಂದೆ ಕೂತು, ನಾನು ಪಾರ್ಕ್‌ಮೋರ್‌ನ ಕಂಪನಿಯಲ್ಲಿ ಹೃದಯಕ್ಕೆ ಹಾಕುವ ಟ್ಯೂಬುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತ ಕೂತು ತರುವ ಎರಡು ಸಂಬಳ ಕೂಡಿಸಿದರೂ ಅವನದರ ಪಕ್ಕ ಸಣ್ಣದು. ಸಮುದ್ರದ ಎದುರು ಮನೆ ಕೊಂಡಿದ್ದಾನೆ. ಹೀಗಿರುವಾಗ ಫ್ರಾನ್ಸಿನ ಒಂದು ಕ್ಲಬ್ ಇನ್ನೂ ಬಹಳ ಹೆಚ್ಚು ಕೊಡುತ್ತೇವೆ ಬಾ ಎಂದು ಕರೆಯುತ್ತಿದೆ. ಇಲ್ಲಿನವರು ಅಷ್ಟು ಕೊಡಲಾರರು.

ಏಜೆಂಟನನ್ನು ಸಚಿನ್ ಹೋದ ವರ್ಷವೇ ಬಿಟ್ಟ. ಹಾಗಾಗಿ ಕ್ಲಬ್ಬಿನಲ್ಲಿ ಒಪ್ಪಂದ ನೋಡಿಕೊಳ್ಳುವ ಬ್ರೆಂಡನ್ ನಮ್ಮ ಮನೆಗೇ ಬಂದಿದ್ದ. ಒಳ್ಳೆಯ ಮನುಷ್ಯ, ಕೋಡುಬಳೆ ಎರಡು ಸಲ ಹಾಕಿಸಿಕೊಂಡ. "ಎಲ್ಲಾ ಆಟಗಾರರಿಗೂ ಸೇರಿ ನಮ್ಮ ಹತ್ರ ಇರೋದು ಒಂದೇ ಗಂಟು, ಸಾವಿತ್ರಿ. ಇವನಿಗೆ ಜಾಸ್ತಿ ಕೊಟ್ರೆ ಇನ್ನೊಬ್ಬನದನ್ನ ಕತ್ತರಿಸಬೇಕಾಗುತ್ತೆ" ಎಂದ. ಡಿಸೆಂಬರ್ ಹದಿನೆಂಟಕ್ಕೆ ಕಾಗದ ಸಿದ್ಧವಾಗುತ್ತದಂತೆ, ಕ್ರಿಸ್‌ಮಸ್‌ಗೆ ಮುಂಚೆ ಸಹಿ ಆಗಬೇಕಂತೆ.

ಸಚಿನ್ ಏನು ಹೇಳುತ್ತಾನೆ ಅಂದರೆ, "ಕಡಿಮೆಯಾದ್ರೂ ಗ್ರ್ಯಾಂಡ್, ಮ್ಯಾಮ್. ಒಬ್ಬ ಮನುಷ್ಯಂಗೆ ಎಷ್ಟು ಬೇಕು?" ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಮ್ಮ ಮಾತಿಗೆ ಇಳಿಸಿದ್ದೇನೆ. ಇಲ್ಲಿ ಹುಟ್ಟಿದವರಿಗೆ ಅಮ್ಮ ಮ್ಯಾಮ್, ಪರವಾಗಿಲ್ಲ ಅನ್ನುವುದೆಲ್ಲ ಗ್ರ್ಯಾಂಡ್. ಆಮೇಲೆ "ನೀನು ಒಪ್ಪಿದ್ರೆ ಸಹಿ ಮಾಡ್ತೀನಿ" ಎಂದು ನನ್ನ ತಲೆಗೆ ಕಟ್ಟಿ ಹೋದ. ಸಂಪತ್ ಬಾಯಿ ಬಿಡುತ್ತಿಲ್ಲ.

ನನಗಂತೂ ಈ ಕಡೆ ಆ ಕಡೆ ಅಂತ ಏನೂ ಇಲ್ಲ. ಆದರೆ ಕೆಲಸದಲ್ಲಿ ಕೂತಾಗಲೂ ಇದೇ ತಲೆಯಲ್ಲಿ ಸುತ್ತುತ್ತದೆ. ನೀನು ಕಾರ್ಖಾನೆಯಲ್ಲಿ ಯೂನಿಯನ್ ಸೆಕ್ರೆಟರಿಯಾಗಿ ಸಂಬಳದ ಮಾತುಕತೆಯಲ್ಲೇ ತಲೆ ನರೆಸಿಕೊಂಡವನು. ಹೇಳು, ಇಷ್ಟೆಲ್ಲ ಇರುವವನು ಸ್ವಲ್ಪ ಕಡಿಮೆ ತೆಗೆದುಕೊಂಡರೆ ತಪ್ಪೇನು?

ಸಾವಿತ್ರಿ


ಮೈಸೂರು
೨೮ ನವೆಂಬರ್ ೨೦೨೪

ಸಾವಿತ್ರಿ,

ತಪ್ಪೇನು ಅಂತ ಕೇಳಿದ್ದೀಯ. ತಪ್ಪು ಬಹಳ ಇದೆ.

"ಇರೋದು ಒಂದೇ ಗಂಟು" ಅನ್ನುವ ಮಾತನ್ನು ನಾನು ಎಷ್ಟು ಮ್ಯಾನೇಜರುಗಳ ಬಾಯಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಹೊಸ ಕಾರಿನಿಂದ ಇಳಿದು ಬಂದು ಅದೇ ಮಾತು ಹೇಳುತ್ತಿದ್ದರು. ಸಚಿನ್ ಸಿರಿವಂತ ಅನ್ನುತ್ತೀಯಲ್ಲ, ಅವನ ಹತ್ತಿರ ಇರುವುದೇನು? ಎರಡು ಮಂಡಿ, ಒಂದು ಹೆಗಲು. ನಾಳೆ ಯಾರೋ ಆನೆಯಂಥವನು ಬಂದು ಮಂಡಿಯ ಮೇಲೆ ಬಿದ್ದರೆ ಬ್ರೆಂಡನ್ ಒಂದು ಹೂಗುಚ್ಛ ಕಳಿಸುತ್ತಾನೆ, ಅಷ್ಟೇ. ನಮ್ಮ ಮೆಷಿನ್ ಶಾಪಿನವನು ಐವತ್ತೆಂಟರವರೆಗೆ ದುಡಿಯುತ್ತಿದ್ದ. ಇವನದು ಮೂವತ್ತು ದಾಟಿದರೆ ಮುಗಿಯಿತು. ಜೀವಮಾನದ ದುಡಿಮೆಯನ್ನು ಹತ್ತು ವರ್ಷದಲ್ಲಿ ಮಾಡಿಕೊಳ್ಳಬೇಕಾದವನು ಅವನು. ಜನ ದುಡ್ಡು ಕೊಟ್ಟು ಬರುವುದು ಅವನು ಒದೆಯುವುದನ್ನು ನೋಡಲಿಕ್ಕೆ, ಬ್ರೆಂಡನ್ ಕೋಡುಬಳೆ ತಿನ್ನುವುದನ್ನು ನೋಡಲಿಕ್ಕಲ್ಲ. ದುಡಿಯುವವನು ಬಿಟ್ಟುಕೊಟ್ಟ ಹಣ ಇನ್ನೊಬ್ಬ ದುಡಿಯುವವನಿಗೆ ಹೋದದ್ದನ್ನು ನಾನಂತೂ ಕಂಡಿಲ್ಲ, ಅದು ಯಾವಾಗಲೂ ಮೇಲಕ್ಕೇ ಹೋಗುತ್ತದೆ.

ಹಾಗಾಗಿ ಆತುರಪಟ್ಟು ಸಹಿ ಬೇಡ.

ಇನ್ನೊಂದು ಮಾತು. ಡಿಸೆಂಬರ್ ಹದಿನಾರಕ್ಕೆ ಧನುರ್ಮಾಸ ಹಿಡಿಯುತ್ತದೆ. ಅವರ ಕಾಗದ ಬರುವುದು ಹದಿನೆಂಟಕ್ಕೆ. ಧನುರ್ಮಾಸದಲ್ಲಿ ಹೊಸ ಕೆಲಸಕ್ಕೆ ಕೈಹಾಕಬಾರದು ಅಂತ ಅಮ್ಮ ಇದ್ದಿದ್ದರೆ ಅವಳೇ ಹೇಳುತ್ತಿದ್ದಳು. ಸಂಕ್ರಾಂತಿ ಆಗಲಿ, ಆಮೇಲೆ ನೋಡೋಣ ಅನ್ನು. ಒಂದು ತಿಂಗಳಲ್ಲಿ ಏನೂ ಮುಳುಗಿಹೋಗುವುದಿಲ್ಲ.

ಈಶ್ವರಣ್ಣ


ಗಾಲ್ವೇ
೮ ಡಿಸೆಂಬರ್ ೨೦೨೪

ಅಣ್ಣಾ,

ನಿನ್ನ ಕಾಗದದ ಕೊನೆಯ ಭಾಗ ಓದಿ ಕಣ್ಣು ತುಂಬಿತು. ದೇವರ ಮನೆಯ ಹೊಸಿಲು ದಾಟದ ನೀನು ಧನುರ್ಮಾಸ ನೆನಪಿಟ್ಟುಕೊಂಡು, ಅಮ್ಮನ ಹೆಸರು ತೆಗೆದು ಬರೆದೆಯಲ್ಲ. ವಯಸ್ಸು ನಿನ್ನನ್ನು ಮೆತ್ತಗೆ ಮಾಡಿದೆ. ನಾನು ಮರೆತೇಬಿಟ್ಟಿದ್ದೆ, ಇಲ್ಲಿ ಡಿಸೆಂಬರ್ ಅಂದರೆ ಬೀದಿ ದೀಪ, ಕೇಕು, ಅಷ್ಟೇ.

ಸಚಿನ್‌ಗೆ ಹೇಳಿದೆ. "ಮ್ಯಾಮ್, ಇದು ಕಾಂಟ್ರ್ಯಾಕ್ಟ್, ಮದುವೆ ಅಲ್ಲ" ಎಂದ. ಅಜ್ಜಿ ಹೆಸರು ಹೇಳಿದೆ, ಒಪ್ಪಿಕೊಂಡ. ಆದರೆ ಕ್ಲಬ್ಬಿನಲ್ಲಿ ಇದನ್ನು ತನ್ನ ಬಾಯಿಂದ ಹೇಳಲಾರೆ, ಹುಡುಗರು ವರ್ಷವೆಲ್ಲ ಆಡಿಕೊಳ್ಳುತ್ತಾರೆ, ನೀನೇ ಹೇಳಿಕೋ ಎಂದುಬಿಟ್ಟ. ಬ್ರೆಂಡನ್ ಬಂದಾಗ "ಜನವರಿ ಹದಿನಾಲ್ಕು ಆಗಲಿ" ಎಂದೆ. "ಯಾಕೆ, ಫ್ರಾನ್ಸಿನವರು ಏನಾದ್ರೂ ಹೇಳಿದ್ರಾ?" ಎಂದ. ನಾನು ಮಲ್ಲಮ್ಮನ ಮಗಳು, ಸುಳ್ಳು ಹೇಳುವವಳಲ್ಲ, ಆದರೆ ಧನುರ್ಮಾಸವನ್ನು ಇಂಗ್ಲಿಷಿಗೆ ಹೇಗೆ ತಿರುಗಿಸುವುದು ತಿಳಿಯಲಿಲ್ಲ. ನಕ್ಕು ಸುಮ್ಮನಾದೆ. ಟೀ ಮುಟ್ಟದೆ ಎದ್ದು ಹೋದ. ಮುಂದಿನ ಸಲ ಸಂಪತ್ ಹತ್ತಿರ ಸರಿಯಾದ ಇಂಗ್ಲಿಷ್ ಕೇಳಿಕೊಂಡು ಎಲ್ಲ ಬಿಡಿಸಿ ಹೇಳಬೇಕು ಅಂದುಕೊಂಡಿದ್ದೇನೆ. ಹೇಳಲೇ?

ಡಾರಾ ನಿನಗೆ ನೆನಪಿರಬೇಕು. ನೀವಿಬ್ಬರೂ ಬಂದಾಗ ಅತ್ತಿಗೆಯ ಸೂಟ್‌ಕೇಸುಗಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋದವನು, ಲೆಟರ್‌ಕೆನ್ನಿ ಊರಿನ ಕಡೆಯವನು, ಸಚಿನ್‌ನ ತಂಡದವನೇ. ಎರಡು ತಂಡದವರು ತಲೆ ತಗ್ಗಿಸಿ ಹೆಗಲು ಕೊಟ್ಟು ತಳ್ಳುವಾಗ ಮುಂದಿನ ಸಾಲಿನಲ್ಲಿ ನಿಲ್ಲುವವನು. ಸಚಿನ್‌ಗೆ ಲೈಸೆನ್ಸ್ ಇಲ್ಲದ ಕಾಲದಲ್ಲಿ ದಿನಾ ಬಂದು ಪ್ರ್ಯಾಕ್ಟೀಸಿಗೆ ಕರೆದುಕೊಂಡು ಹೋಗುತ್ತಿದ್ದ. ನಾನು ಅವನ ಕೈಗೆ ಬಿಸಿಬೇಳೆಬಾತಿನ ಡಬ್ಬಿ ಕೊಡುತ್ತಿದ್ದೆ. ನಮ್ಮಲ್ಲಿ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ ಎಂದು ಯಾವಾಗಲೋ ಮಾತಿಗೆ ಹೇಳಿದ್ದೆ. ಅಂದಿನಿಂದ ಅವನು ಒಂದು ಸಲವೂ ಖಾಲಿ ತಂದಿಲ್ಲ. ಮೊಟ್ಟೆ, ಆಲೂಗಡ್ಡೆ, ಅವನ ಹೆಂಡತಿ ಓರ್ಲಾ ಮಾಡಿದ ಬ್ರೆಡ್ಡು, ಏನಾದರೂ ಇರುತ್ತದೆ. ಅವನ ಕಾಂಟ್ರ್ಯಾಕ್ಟೂ ಜೂನ್‌ಗೇ ಮುಗಿಯುವುದು. ಮೂವತ್ತು ದಾಟಿದೆ, ಎರಡು ಸಣ್ಣ ಮಕ್ಕಳು. ಮೊನ್ನೆ ಬಂದವನು ಚಾವಣಿಯ ಮಳೆನೀರಿನ ತೋಡಿನಿಂದ ಎಲೆ ತೆಗೆದುಕೊಟ್ಟು, "ನೀವು ಅರ್ಜೆಂಟ್ ಮಾಡ್ಬೇಡಿ, ಅವನ ಬೆಲೆ ಅವನಿಗೆ ಸಿಗ್ಲಿ" ಎಂದ. ನೀನು ಹೇಳಿದ್ದನ್ನೇ ಅವನೂ ಹೇಳಿದ. ಡಬ್ಬಿ ತುಂಬ ಪುಳಿಯೋಗರೆ ಕಳಿಸಿದೆ.

ಸಾವಿತ್ರಿ


ಮೈಸೂರು
೧೦ ಡಿಸೆಂಬರ್ ೨೦೨೪

ಸಾವಿತ್ರಿ,

ಏನೂ ಬಿಡಿಸಿ ಹೇಳಬೇಡ. ಇದು ಮುಖ್ಯ. ಅವರ ದೇವರು ಬೇರೆ, ಪಂಚಾಂಗ ಬೇರೆ, ನಕ್ಕುಬಿಡುತ್ತಾರೆ. ಯಾರು ಎಷ್ಟು ಸಲ ಕೇಳಿದರೂ "ಜನವರಿ ಹದಿನಾಲ್ಕು ಆಗಲಿ" ಅನ್ನು, ಬಾಯಿ ಮುಚ್ಚಿಕೊ. ಸುಮ್ಮನಿರುವವನ ಮುಂದೆ ಮ್ಯಾನೇಜರುಗಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಬ್ರೆಂಡನ್ ಎದ್ದು ಹೋಗುವಾಗ ಮುಖ ಹೇಗಿತ್ತು? ಕೋಪವೋ, ಯೋಚನೆಯೋ? ಮತ್ತೆ ಯಾವಾಗ ಬರುತ್ತೇನೆ ಎಂದ? ಇದನ್ನೆಲ್ಲ ಸರಿಯಾಗಿ ಬರೆ. ನಾಲ್ಕು ವರ್ಷದಿಂದ ಮನೆಯಲ್ಲಿ ಕೂತು ಮಾತಿಗೆ ತುಕ್ಕು ಹಿಡಿದಿತ್ತು, ನಿನ್ನ ಕಾಗದ ಬಂದಾಗಿನಿಂದ ಊಟ ರುಚಿಸುತ್ತಿದೆ. ಸಂಜೆ ಪಾರ್ಕಿನಲ್ಲಿ ಹಳೆಯ ಕಾಮ್ರೇಡ್ ಸುಬ್ರಾಯ ಸಿಕ್ಕರೆ ಇದೇ ಮಾತು.

ಡಾರಾ ತಿಳಿವಳಿಕೆಯುಳ್ಳವನು. ನಮ್ಮವನು.

ಇಪ್ಪತ್ತೆಂಟಕ್ಕೆ ನಮ್ಮ ಮದುವೆಯ ದಿನ. ಮಗಳು ಅನನ್ಯಾ ಊಟಕ್ಕೆ ಕರೆದಿದ್ದಾಳೆ, ನಿನ್ನ ಅತ್ತಿಗೆ ಈಗಲೇ ಸೀರೆ ಆರಿಸುತ್ತಿದ್ದಾಳೆ. ಆ ದಿನ ಒಂದು ಫೋನ್ ಮಾಡು, ಅವಳ ಜೊತೆ ಮಾತಾಡು.

ಈಶ್ವರಣ್ಣ


ಗಾಲ್ವೇ
೩ ಜನವರಿ ೨೦೨೫

ಅಣ್ಣಾ,

ಒಳ್ಳೆಯ ಸುದ್ದಿ. ನಿನ್ನೆ ಬ್ರೆಂಡನ್ ಬಂದಿದ್ದ. ಕ್ಲಬ್ಬಿನವರು ಮೊದಲು ಹೇಳಿದ್ದಕ್ಕಿಂತ ಬಹಳ ಮೇಲೆ ಹೋಗಿದ್ದಾರೆ. ಫ್ರಾನ್ಸಿನವರಿಗಿಂತ ಚೂರು ಕಡಿಮೆ, ಅಷ್ಟೇ. ಮೂರು ವರ್ಷ ಇಲ್ಲೇ. ನಮ್ಮ ಮನೆಯಿಂದ ಅವನ ಮನೆಗೆ ಕಾರಿನಲ್ಲಿ ಒಂದು ಹಾಡು ಮುಗಿಯುವಷ್ಟು ದೂರ. ಮೂರು ವರ್ಷ ನನ್ನ ಮಗ ಭಾನುವಾರ ನಮ್ಮಲ್ಲೇ ಊಟ ಮಾಡುತ್ತಾನೆ.

ಮೊದಲ ಕಾಗದದಲ್ಲಿ ಈ ಕಡೆ ಆ ಕಡೆ ಏನೂ ಇಲ್ಲ ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ಅವನು ಕಡಿಮೆಗೆ ಒಪ್ಪಿಯಾದರೂ ಇಲ್ಲೇ ಇರಲಿ ಅಂತಲೇ ನನಗಿದ್ದದ್ದು. ನೀನು ಹಾಗೇ ಹೇಳುತ್ತೀಯ ಅಂದುಕೊಂಡು ಕೇಳಿದ್ದೆ. ಈಗ ಕಡಿಮೆಯೂ ಇಲ್ಲ, ಊರು ಬಿಡುವುದೂ ಇಲ್ಲ. ಧನುರ್ಮಾಸ ಕಾದದ್ದಕ್ಕೆ ಅಮ್ಮನೇ ಕೊಟ್ಟ ಹಾಗಾಯಿತು. ಹೋಳಿಗೆ ಮಾಡಿದೆ.

ಬ್ರೆಂಡನ್ ಮಾತ್ರ ಸುಸ್ತಾದವನ ಹಾಗಿದ್ದ. ಕ್ರಿಸ್‌ಮಸ್‌ಗೆ ಮುಂಚೆ ಎರಡು ಸಲ ಕೇಳಿದ್ದ, ನೀನು ಹೇಳಿದಂತೆ ನಾನು ಬಾಯಿ ಬಿಡಲಿಲ್ಲ. ಬಾಗಿಲಲ್ಲಿ ನಿಂತು, "ಇಷ್ಟು ಗಟ್ಟಿ ಹೆಂಗಸನ್ನ ನಾನು ಕಂಡಿಲ್ಲ" ಎಂದ. ನಾನೇನು ಮಾಡಿದೆ? ಚೌಕಾಸಿ ಮಾಡುವುದಕ್ಕೆ ನನಗೆ ತರಕಾರಿ ಅಂಗಡಿಯಲ್ಲೂ ಬರುವುದಿಲ್ಲ.

ಸಚಿನ್ ಯಾಕೋ ಮಂಕಾಗಿದ್ದಾನೆ. ಹೋಳಿಗೆ ಮುಟ್ಟಲಿಲ್ಲ. ಸೋತ ಮ್ಯಾಚಿನ ಬೇಸರ ಇರಬೇಕು. ಡಾರಾ ಕೂಡ ಈ ಕಡೆ ತಲೆ ಹಾಕಿಲ್ಲ, ಹಬ್ಬಕ್ಕೆ ಲೆಟರ್‌ಕೆನ್ನಿಗೆ ಹೋಗಿರಬಹುದು. ಪುಳಿಯೋಗರೆ ಡಬ್ಬಿ ಇನ್ನೂ ಅವರಲ್ಲೇ ಇದೆ.

ಸಾವಿತ್ರಿ


ಮೈಸೂರು
೪ ಜನವರಿ ೨೦೨೫

ಸಾವಿತ್ರಿ,

ಭೇಷ್. ನೋಡಿದೆಯಾ, ಇಲ್ಲ ಇಲ್ಲ ಅಂತಿದ್ದ ಗಂಟಿನೊಳಗೆ ಎಷ್ಟು ಇತ್ತು ಅಂತ. ಸುಬ್ರಾಯನಿಗೆ ಹೇಳಿದೆ, ಕಾಫಿ ಕೊಡಿಸಿದ.

ಸಹಿಗೆ ಮುಂಚೆ ಒಂದು ವಿಷಯ: ಗಾಯವಾದರೆ ಸಂಬಳ ನಿಲ್ಲಬಾರದು ಅಂತ ಬರೆಸಿಕೊಳ್ಳಿ. ಇನ್ನು ಹೋಳಿಗೆ ನಾನಿಲ್ಲದೆ ತಿಂದಿದ್ದೀಯ, ಅದು ನೆನಪಿರಲಿ.

ಈಶ್ವರಣ್ಣ


ಗಾಲ್ವೇ
೧೧ ಜನವರಿ ೨೦೨೫

ಈಶ್ವರಪ್ಪನವರಿಗೆ,

ಗಂಟಿನೊಳಗೆ ಎಷ್ಟಿತ್ತು ಅಂತ ಈಗ ಗೊತ್ತಾಯಿತು. ಡಾರಾ ಇದ್ದ.

ಅವನಿಗೆ ಜೂನ್‌ ಆದ ಮೇಲೆ ಕಾಂಟ್ರ್ಯಾಕ್ಟ್ ಇಲ್ಲ ಎಂದು ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಕರೆದು ಹೇಳಿದ್ದಾರೆ. ಸಚಿನ್‌ಗೆ ಹೆಚ್ಚು ಕೊಡಬೇಕಾಗಿದೆ, ನಿನಗೆ ಉಳಿಯಲಿಲ್ಲ ಎಂದೇ ಹೇಳಿದ್ದಾರೆ. ಡಾರಾ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಸಚಿನ್‌ಗೆ ಹೊಸ ವರ್ಷಕ್ಕೆ ಯಾರಿಂದಲೋ ಗೊತ್ತಾಗಿದೆ. ನಾನು ಹೋಳಿಗೆ ಬಡಿಸುವಾಗ ಅವನಿಗೆ ಗೊತ್ತಿತ್ತು.

ನನಗೆ ಗೊತ್ತಾದದ್ದು ನಿನ್ನೆ. ಕೆಲಸದಿಂದ ಬಂದರೆ ಬಾಗಿಲ ಮೆಟ್ಟಿಲ ಮೇಲೆ ನನ್ನ ಡಬ್ಬಿ ಇತ್ತು. ಓರ್ಲಾ ಇಟ್ಟು ಹೋಗಿದ್ದಳು, ಬೆಲ್ ಒತ್ತಿಲ್ಲ. ಚೆನ್ನಾಗಿ ತೊಳೆದಿತ್ತು. ಮುಚ್ಚಳ ತೆಗೆದೆ, ಒಳಗೆ ಏನೂ ಇರಲಿಲ್ಲ. ಒಂದು ಆಲೂಗಡ್ಡೆ ಕೂಡ ಇರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಸಚಿನ್‌ಗೆ ಫೋನ್ ಮಾಡಿದೆ. ಆಗ ಎಲ್ಲ ಹೇಳಿದ. ಇಷ್ಟು ವರ್ಷದಲ್ಲಿ ನನ್ನ ಮೇಲೆ ಕೂಗದವನು ಕೂಗಿದ. "ಸಹಿ ಮಾಡಿಬಿಡ್ತೀನಿ ಅಂತ ನಾನು ಹೇಳಿರ್ಲಿಲ್ವಾ? ಸಂಕ್ರಾಂತಿ, ಸಂಕ್ರಾಂತಿ ಅಂದಿದ್ದು ನೀನು." ಅಷ್ಟನ್ನು ಕನ್ನಡದಲ್ಲೇ ಹೇಳಿದ.

ಬ್ರೆಂಡನ್ ನನ್ನ ಮೌನವನ್ನು ಫ್ರಾನ್ಸಿನ ಬೆದರಿಕೆ ಅಂದುಕೊಂಡ. ನಾನು ಬಿಡಿಸಿ ಹೇಳಬೇಕು ಅಂತಿದ್ದೆ. ಬೇಡ ಅಂದದ್ದು ನೀವು.

ಈಗ ಒಂದು ಕೇಳುತ್ತೇನೆ. ನಿಮ್ಮ ಮದುವೆ ಡಿಸೆಂಬರ್ ಇಪ್ಪತ್ತೆಂಟು. ಅದು ಧನುರ್ಮಾಸವಲ್ಲವೇ? ಮೊನ್ನೆ ಅತ್ತಿಗೆಗೆ ಫೋನಿನಲ್ಲಿ ಶುಭಾಶಯ ಹೇಳುವಾಗಲೂ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಡಬ್ಬಿ ನೋಡುತ್ತ ಕೂತಾಗ ಹೊಳೆಯಿತು. ಅಪ್ಪ ನಿಮ್ಮ ಮದುವೆಗೆ ಬರದೇ ಇದ್ದದ್ದು ಅದಕ್ಕೇ ತಾನೇ? ಮುಹೂರ್ತ ಮುಹೂರ್ತ ಅನ್ನುವವರಿಗೆ ಬುದ್ಧಿ ಬರಲಿ ಎಂದು ಬೇಕೆಂದೇ ಆ ತಿಂಗಳು ಆರಿಸಿ ರಿಜಿಸ್ಟ್ರಾರ್ ಆಫೀಸಿಗೆ ಹೋದವರು ನೀವು. ಲಂಗ ಹಾಕಿಕೊಂಡು ನಿಮ್ಮ ಹಿಂದೆ ಬಂದವಳು ನಾನೊಬ್ಬಳೇ. ನನಗೆ ಕಾಗದ ಬರೆಯುವಾಗ ನಿಮಗೆ ನೆನಪಾದದ್ದು ಧನುರ್ಮಾಸವಲ್ಲ. ಇವಳಿಗೆ ಚೌಕಾಸಿ ಬರುವುದಿಲ್ಲ, ಅಮ್ಮನ ಹೆಸರು ಹೇಳಿದರೆ ಕೇಳುತ್ತಾಳೆ ಅಂತ ನಿಮಗೆ ಗೊತ್ತಿತ್ತು.

ಕಾರ್ಖಾನೆಯಲ್ಲಿ ನೀವು ಯಾವತ್ತಾದರೂ ಒಬ್ಬನಿಗಾಗಿ ಮಾತುಕತೆಗೆ ಕೂತಿದ್ದಿರಾ? ಎಲ್ಲರಿಗೂ ಆಗುವುದಾದರೆ ಮಾತ್ರ ಸಹಿ ಅನ್ನುತ್ತಿದ್ದಿರಿ. ನಿಮ್ಮ ಸೋದರಳಿಯ ಅಂದ ಕೂಡಲೇ ಅದು ಮರೆತುಹೋಯಿತೇ? ಡಾರಾ ನಮ್ಮವನು ಅಂತ ಬರೆದಿದ್ದಿರಿ.

ಅವನಿಗೆ ಇಂಗ್ಲೆಂಡಿನ ಯಾವುದೋ ಕೆಳಗಿನ ದರ್ಜೆಯ ಕ್ಲಬ್ ಕರೆದಿದೆ, ಹದಿನೇಳಕ್ಕೆ ಉತ್ತರ ಹೇಳಬೇಕಂತೆ. ಹೋದರೆ ಓರ್ಲಾ ಆಸ್ಪತ್ರೆ ಕೆಲಸ ಬಿಡಬೇಕು, ಮಕ್ಕಳು ಶಾಲೆ ಬಿಡಬೇಕು. ಸಚಿನ್ ಮೊದಲ ಮೊತ್ತಕ್ಕೇ ವಾಪಸ್ ಹೋಗುತ್ತೇನೆ, ಡಾರಾನನ್ನು ಇಟ್ಟುಕೊಳ್ಳಲಿ ಎನ್ನುತ್ತಿದ್ದಾನೆ. ನಾಡಿದ್ದು ಕಳೆದರೆ ಸಂಕ್ರಾಂತಿ.

ಸಾವಿತ್ರಿ ಸಂಪತ್


ಮೈಸೂರು
೧೨ ಜನವರಿ ೨೦೨೫

ಸಾವಿತ್ರಿ,

ನಿನ್ನ ಕಾಗದದ ಮೊದಲ ಸಾಲನ್ನು ದಾಟಲು ನನಗೆ ಬಹಳ ಹೊತ್ತು ಹಿಡಿಯಿತು. ನನ್ನನ್ನು ನೀವು ಎಂದು ಕರೆದಿದ್ದೀಯ. ಕರೆಯುವಂಥದ್ದೇ ಮಾಡಿದ್ದೇನೆ.

ಪಂಚಾಂಗ ನಾನು ನೋಡಿಲ್ಲ, ತಾರೀಕನ್ನು ನಾಗಮಣಿಯ ಕ್ಯಾಲೆಂಡರಿನಲ್ಲಿ ಹುಡುಕಿದೆ. ತಡ ಮಾಡಿದರೆ ಅವರು ಮೇಲೆ ಬರುತ್ತಾರೆ ಅಂತ ಗೊತ್ತಿತ್ತು. ಯಾರ ಕುತ್ತಿಗೆ ಮೇಲೆ ಕಾಲಿಟ್ಟು ಬರುತ್ತಾರೆ ಅಂತ ಕೇಳಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನು ಗೇಟಿನಲ್ಲೇ ನಿಂತು ಬೈಯುತ್ತಿದ್ದೆ. ನಾಗಮಣಿಗೆ ನಿನ್ನ ಕಾಗದ ಓದಿ ಹೇಳಿದೆ. "ನನ್ನ ಮದುವೆಗಿಲ್ಲದ ಧನುರ್ಮಾಸ ನಿಮಗೆ ಈಗ ಬಂತಾ" ಎಂದು ಒಳಗೆ ಹೋದಳು.

ಬೈಯುವುದನ್ನು ಆಮೇಲೆ ಬೈಯಿ. ಈಗ ಹೊತ್ತಿಲ್ಲ, ಕೇಳು. ಸಚಿನ್ ಹೋಗಿ "ನನಗೆ ಕಡಿಮೆ ಸಾಕು" ಎಂದು ಸಹಿ ಮಾಡಿ ಬಂದರೆ ಡಾರಾನಿಗೆ ಒಂದು ಕಾಸೂ ಹೋಗುವುದಿಲ್ಲ. ಉಳಿದ ಹಣದಲ್ಲಿ ಬ್ರೆಂಡನ್ ಇನ್ಯಾರನ್ನೋ ತರುತ್ತಾನೆ. ಒಳ್ಳೆಯತನದಲ್ಲಿ ಕೊಟ್ಟದ್ದು ಹೀಗೇ ಹಾಳಾಗುವುದು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಒಪ್ಪಂದದ ದಿನ ಮೊದಲ ಸಹಿ ಟೆಂಪರರಿ ಹುಡುಗರ ಕಾಗದಕ್ಕೆ, ಆಮೇಲೆ ಪರ್ಮನೆಂಟ್ ಆದವರದ್ದು, ಎಲ್ಲಕ್ಕಿಂತ ಕೊನೆಗೆ ಸೆಕ್ರೆಟರಿಯದ್ದು. ಯಾರನ್ನು ಬಿಟ್ಟರೆ ಮ್ಯಾನೇಜರುಗಳಿಗೆ ಕಷ್ಟವೋ ಅವನ ಸಹಿ ಕೊನೆಗೆ. ಸಚಿನ್ ಅದನ್ನೇ ಮಾಡಲಿ. ಎರಡೂ ಕಾಗದ ಒಂದೇ ಮೇಜಿನ ಮೇಲೆ, ಒಂದೇ ದಿನ. ಡಾರಾನ ಸಹಿ ಆಗುವವರೆಗೆ ಇವನು ಪೆನ್ನು ಮುಟ್ಟಬಾರದು.

ನೀನೂ ಜೊತೆಗೆ ಹೋಗು. ಈ ಸಲ ಏನನ್ನೂ ಮುಚ್ಚಿಡಬೇಡ.

ಅಣ್ಣ


ಗಾಲ್ವೇ
೧೬ ಜನವರಿ ೨೦೨೫

ಅಣ್ಣಾ,

ಕೋಪ ಇನ್ನೂ ಹೋಗಿಲ್ಲ. ಆದರೆ ಏನಾಯಿತು ಎಂದು ನಿನಗೆ ಹೇಳದೆ ಇರಲೂ ಆಗುತ್ತಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಎಳ್ಳು ಬೆಲ್ಲ ಬೀರುವುದಕ್ಕೆ ಮನೆಗಳಿಗೆ ಹೋಗುವ ಬದಲು ಬ್ರೆಂಡನ್‌ನ ಆಫೀಸಿಗೆ ಹೋದೆವು. ಸಚಿನ್ ಕೂತ ಕೂಡಲೇ, ಮೊದಲ ಮೊತ್ತಕ್ಕೇ ಒಪ್ಪಿದ್ದೇನೆ, ಮೇಲೆ ಹಾಕಿದ್ದು ಬೇಡ, ಅದು ಡಾರಾನ ಕಾಗದಕ್ಕೆ ಹೋಗಬೇಕು, ಅವನ ಸಹಿ ಮೊದಲು ಎಂದ. ಬ್ರೆಂಡನ್, "ಅದು ಹಾಗೆಲ್ಲ ನಡೆಯಲ್ಲ, ಸಚಿನ್" ಎಂದ. "ಹಾಗಾದ್ರೆ ನಾನು ಫ್ರಾನ್ಸಿಗೆ" ಎಂದು ಪೆನ್ನನ್ನು ಮೇಜಿನ ಮೇಲಿಟ್ಟ. ನಿಜವಾಗಿಯೂ ಹೋಗುತ್ತಾನೆ ಅಂತ ಅವನ ಮುಖದಲ್ಲೇ ಇತ್ತು. ಮೂರು ವರ್ಷದ ಭಾನುವಾರಗಳು ಆ ಮೇಜಿನ ಮೇಲೆ ಇದ್ದವು. ನಾನು ತಡೆಯಲಿಲ್ಲ.

ತಡೆಯದೆ, ಡಿಸೆಂಬರಿನಲ್ಲಿ ಹೇಳಬೇಕಾಗಿದ್ದನ್ನು ಹೇಳಿದೆ. ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲೇ. ನಮ್ಮಲ್ಲಿ ಒಂದು ತಿಂಗಳು ಇದೆ, ಅದರಲ್ಲಿ ಮದುವೆ, ಗೃಹಪ್ರವೇಶ, ಹೊಸ ಕೆಲಸ ಏನನ್ನೂ ಮಾಡುವುದಿಲ್ಲ, ನಾನು ಕಾಯುತ್ತಿದ್ದದ್ದು ಅದಕ್ಕೆ, ಹಣಕ್ಕಲ್ಲ ಎಂದೆ. ಬ್ರೆಂಡನ್ ನನ್ನನ್ನೇ ನೋಡಿದ. ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. "ನಮ್ಮ ಅಜ್ಜಿ ಲೆಂಟ್ ಉಪವಾಸದ ದಿನಗಳಲ್ಲಿ ಮನೆಯಲ್ಲಿ ಮದುವೆ ಮಾಡೋಕೆ ಬಿಡ್ತಿರ್ಲಿಲ್ಲ. ಅವತ್ತೇ ಒಂದು ಮಾತು ಹೇಳಿದ್ರೆ ಈಸ್ಟರ್‌ವರೆಗೂ ಬೇಕಾದ್ರೂ ಕಾಯ್ತಿದ್ದೆ, ಸಾವಿತ್ರಿ" ಎಂದ.

ಅಣ್ಣಾ, ಈ ಮಾತು ನನ್ನನ್ನು ಬಿಡುತ್ತಿಲ್ಲ. ನಕ್ಕುಬಿಡುತ್ತಾರೆ ಅಂತ ನೀನು ಬರೆದಿದ್ದೆ, ಸಚಿನ್ ಕೂಡ ಹಾಗೇ ಅಂದುಕೊಂಡಿದ್ದ. ಇಷ್ಟು ವರ್ಷ ಇಲ್ಲಿದ್ದು ನಾನೂ ಹಾಗೇ ಅಂದುಕೊಂಡೆ.

ಬ್ರೆಂಡನ್ ಎದ್ದು ಹೋಗಿ ಯಾರು ಯಾರಿಗೋ ಫೋನ್ ಮಾಡಿ ಬಂದ. ಡಾರಾನ ಜಾಗಕ್ಕೆ ಇನ್ನೂ ಯಾರೂ ಗೊತ್ತಾಗಿರಲಿಲ್ಲವಂತೆ. ಎರಡು ವರ್ಷಕ್ಕೆ ಕಾಗದ ಮಾಡಿಸಿ ನಿನ್ನೆ ಅವನನ್ನು ಕರೆಸಿದರು. ನಾವೂ ಹೋದೆವು. ಓರ್ಲಾ ಕಾರಿನಲ್ಲೇ ಕೂತಿದ್ದಳು, ನಾನು ಕೈಯೆತ್ತಿದರೂ ನೋಡಲಿಲ್ಲ. ಡಾರಾ ಒಳಗೆ ಬಂದು ಕಾಗದವನ್ನು ಪೂರ್ತಿ ಓದಿದ. "ಈ ದುಡ್ಡು ಯಾರದ್ದು ಅಂತ ನಂಗೊತ್ತು" ಎಂದ. ಸಚಿನ್ ಏನೋ ಹೇಳಲು ಹೋದ, ಡಾರಾ ಬಿಡಲಿಲ್ಲ. "ಮನೇಲಿ ಎರಡು ಮಕ್ಕಳಿದಾವೆ, ಬೇಡ ಅನ್ನೋ ಶೋಕಿ ನಂಗಿಲ್ಲ. ತಗೋತೀನಿ. ಆದ್ರೆ ಥ್ಯಾಂಕ್ಸ್ ಕೇಳ್ಬೇಡ." ಸಚಿನ್ "ಕೇಳಲ್ಲ" ಎಂದ. ಡಾರಾ ಸಹಿ ಮಾಡಿದ, ಆಮೇಲೆ ಸಚಿನ್. ಇಬ್ಬರೂ ಕೈ ಕುಲುಕಲಿಲ್ಲ.

ಹೊರಗೆ ಬರುವಾಗ ಎಳ್ಳು ಬೆಲ್ಲ ತುಂಬಿದ ಡಬ್ಬಿಯನ್ನು ಡಾರಾನ ಮುಂದೆ ಹಿಡಿದೆ. ಅದೇ ಡಬ್ಬಿ. ತಗೊಂಡ.

ಸಾವಿತ್ರಿ


ಮೈಸೂರು
೧೯ ಜನವರಿ ೨೦೨೫

ಸಾವಿತ್ರಿ,

ನಿನ್ನ ಕಾಗದವನ್ನು ನಾಗಮಣಿಯೇ ಕೇಳಿ ತೆಗೆದುಕೊಂಡು ಓದಿದಳು. ಸಚಿನ್‌ನ ವಿಷಯ ಬಂದಲ್ಲಿ ಅತ್ತಳು, ನನ್ನ ವಿಷಯ ಬಂದಲ್ಲಿ ಜೋರಾಗಿ ಓದಿದಳು.

ನನ್ನ ಅಭಿಪ್ರಾಯ ಬದಲಾಗಿದೆ ಅಂತ ಸುಳ್ಳು ಹೇಳಲಾರೆ. ಒಬ್ಬ ದುಡಿಯುವವನ ಕೂಲಿ ಉಳಿಸುವುದಕ್ಕೆ ಇನ್ನೊಬ್ಬ ದುಡಿಯುವವನು ತನ್ನದನ್ನು ಕೊಡಬೇಕಾಗಿ ಬಂದದ್ದು ನನಗೆ ಈಗಲೂ ಸರಿ ಕಾಣುವುದಿಲ್ಲ. ಇಬ್ಬರಿಗೂ ಕೊಡುವಷ್ಟು ಆ ಕ್ಲಬ್ಬಿನಲ್ಲಿ ಎಲ್ಲೋ ಇದ್ದೇ ಇರುತ್ತದೆ. ಆದರೆ ಹುಡುಗ ಪೆನ್ನು ಕೆಳಗಿಟ್ಟು ಕೂತನಲ್ಲ, ಆ ಕುರ್ಚಿಯ ಪಕ್ಕದಲ್ಲಿ ನಾನಿರಬೇಕಿತ್ತು ಅನ್ನಿಸುತ್ತಿದೆ. ಈ ಸಲ ಸುಬ್ರಾಯನಿಗೆ ಏನೂ ಹೇಳಲಿಲ್ಲ, ಕಾಫಿ ನಾನೇ ಕೊಡಿಸಿದೆ.

ಡಬ್ಬಿ ಬಂತೇ?

ಅಣ್ಣ


ಗಾಲ್ವೇ
೨೩ ಫೆಬ್ರವರಿ ೨೦೨೫

ಅಣ್ಣಾ,

ನೀನು ಕೇಳಿ ತಿಂಗಳು ದಾಟಿತು. ಏನಾದರೂ ಆಗಲಿ, ಆಮೇಲೆ ಬರೆಯೋಣ ಎಂದು ಕಾದೆ. ಏನೂ ಆಗಲಿಲ್ಲ.

ನಿನ್ನೆ ಮ್ಯಾಚ್ ಇತ್ತು. ಮಳೆ, ಗಾಳಿ, ನಮ್ಮವರು ಮಣ್ಣಲ್ಲಿ ಮುಳುಗಿದ ಹಾಗೆ ಆಡುತ್ತಿದ್ದರು. ಎದುರಿನವನೊಬ್ಬ ಸಚಿನ್‌ನನ್ನು ಕೆಳಕ್ಕೆ ಕೆಡವಿದ. ನಾನು ಎದ್ದು ನಿಂತುಬಿಟ್ಟೆ. ಮೊದಲು ಓಡಿ ಬಂದವನು ಡಾರಾ. ಕಾಲರು ಹಿಡಿದು ಇವನನ್ನು ಮೇಲೆತ್ತಿದ, ತನ್ನ ಜಾಗಕ್ಕೆ ಹೋದ. ಆಮೇಲೆ ಸಚಿನ್‌ನನ್ನು ಕೇಳಿದೆ, ನಿಮ್ಮಿಬ್ಬರದೂ ಸರಿಹೋಯಿತೇ ಎಂದು. "ಆಟದಲ್ಲಿ ಗ್ರ್ಯಾಂಡ್" ಎಂದ. ಸಮುದ್ರದ ಎದುರಿನ ಮನೆ ಮಾರಿ ಸಣ್ಣದಕ್ಕೆ ಹೋಗುವ ಯೋಚನೆ ಇದೆಯಂತೆ. ಭಾನುವಾರ ಊಟಕ್ಕೆ ಬರುತ್ತಾನೆ, ಅರ್ಧ ತಟ್ಟೆಗೆ ಏಳುತ್ತಾನೆ.

ನಿನ್ನ ಮೇಲೆ ಕೋಪ ಹೋಯಿತೇ ಎಂದು ಅತ್ತಿಗೆ ಫೋನಿನಲ್ಲಿ ಕೇಳಿದರು. ನೀನು ಪಕ್ಕದಲ್ಲೇ ಇದ್ದೆ ಅಂತ ಗೊತ್ತು, ನಿನಗೆ ಕೇಳಿಸಿರುವುದಿಲ್ಲ. ಹೋಗಿದೆ ಎಂದೆ. ಪೂರ್ತಿ ಹೋಗಿಲ್ಲ. ಆದರೆ ನೀನು ನನ್ನ ಅಣ್ಣ.

ಡಬ್ಬಿ ಇನ್ನೂ ಬಂದಿಲ್ಲ. ಸಂಪತ್ ಹೊಸದು ತರುತ್ತೇನೆ ಎಂದರು, ಬೇಡ ಎಂದೆ. ಖಾಲಿ ಕಳಿಸುವುದು ಓರ್ಲಾಗೆ ಗೊತ್ತು, ಒಂದು ಸಲ ಕಳಿಸಿದ್ದಾಳೆ. ಈ ಸಲ ಕಳಿಸಿಲ್ಲ. ತುಂಬಿ ಕಳಿಸುವುದಕ್ಕೂ ಅವರಿಗೆ ಇನ್ನೂ ಮನಸ್ಸಾಗಿಲ್ಲ. ಅವರ ಅಡುಗೆಮನೆಯಲ್ಲಿ ಎಲ್ಲೋ ಒಂದು ಕಡೆ ಅದು ಇದೆ. ದಿನಾ ಕೆಲಸದಿಂದ ಬಂದಾಗ ಮೊದಲು ಮೆಟ್ಟಿಲ ಮೇಲೆ ನೋಡುತ್ತೇನೆ. ಇಲ್ಲದಿದ್ದರೆ ಒಳಗೆ ಹೋಗಿ ಅನ್ನಕ್ಕೆ ಇಡುತ್ತೇನೆ.

ಸಾವಿತ್ರಿ